ಚರ್ಮದ ಚೂರಿನಿಂದ ಮಗು ಆಗುತ್ತದೆಯೇ?

ವಿಸ್ಕಾನ್ಸಿನ್‌ನಲ್ಲಿ ಹಿಮ ಕರಗಿ ದಾರಿಯೆಲ್ಲ ಕೆಸರಾಗುವ ಮಾರ್ಚ್ ತಿಂಗಳು. ಈಸ್ಟರ್ ಹಬ್ಬಕ್ಕೆ ಮುಂಚಿನ ಬುಧವಾರಗಳಲ್ಲಿ ಚರ್ಚಿನಲ್ಲಿ ಎಲ್ಲರಿಗೂ ಸಾರಿನ ಊಟ. ಅಂಥದೊಂದು ಸಂಜೆ ನೆಲಮಾಳಿಗೆಯ ಅಡುಗೆಮನೆಯಲ್ಲಿ ಸಿಗ್ನೆ ಕೋಳಿ ಸಾರು ಕಾಯಿಸುತ್ತಿದ್ದಳು. ನೆರೆಮನೆಯ ಲೊರೇನ್ ಬ್ರೆಡ್ ಕೊಯ್ಯುತ್ತಿದ್ದಳು. ಬಹುಕಾಲ ದಾದಿಯಾಗಿದ್ದ ಅವಳ ತಾಳ್ಮೆ ಅಂದು ತಳ ಕಂಡಿತ್ತು.

ಸಿಗ್ನೆಯ ಮಗಳು ಕಾರ್ಲಾಗೆ ಗರ್ಭ ಕಟ್ಟಿದರೂ ಉಳಿಯುತ್ತಿರಲಿಲ್ಲ. ಸಿಗ್ನೆಗೂ ಹಿಂದೆ ಹಾಗೇ ಆಗಿತ್ತು. ಕಾರಣ ಹುಡುಕಲು ತಾಯಿ ಮಗಳಿಬ್ಬರ ಚರ್ಮದ ಚೂರೂ ಬೇಕೆಂದು ವೈದ್ಯರು ಕೇಳಿದ್ದರು. ಮಗಳು ಒಪ್ಪಿದ್ದಳು. ತಾಯಿ ಒಲ್ಲೆ ಎಂದು ಕೂತಿದ್ದಳು.

“ನನ್ನ ಚರ್ಮದಿಂದ ಮಗು ಮಾಡ್ತಾರಂತೆ. ಆಮೇಲೆ ನಾನು ಅದಕ್ಕೆ ತಾಯಿಯೋ, ಅಜ್ಜಿಯೋ?”

“ಅಯ್ಯೋ ಮಾರಾಯ್ತಿ, ಎಷ್ಟು ಸಲ ಹೇಳ್ಲಿ! ಮಗು ಅಲ್ಲ. ಚರ್ಮದ ಜೀವಕೋಶಗಳನ್ನ ಮತ್ತೆ ಎಳೇ ಕೋಶ ಮಾಡ್ತಾರೆ, ಕಾಂಡಕೋಶ ಅಂತ. ಅವು ತಾವೇ ಕೂಡ್ಕೊಂಡು, ಮೊದಮೊದಲ ಭ್ರೂಣದ ಥರ ಕಾಣೋ ಉಂಡೆ ಆಗ್ತವೆ.”

“ಯಾರೂ ಜೋಡಿಸ್ದೇನೆ? ಸುಳ್ಳು. ಕೈ ಆಡಿಸ್ದೆ ಸಾರೂ ಆಗಲ್ಲ,” ಎನ್ನುತ್ತಾ ಸಿಗ್ನೆ ಸೌಟನ್ನು ಗರಗರ ತಿರುಗಿಸಿದಳು.

ಲೊರೇನ್ ಸೌಟು ಕಿತ್ತುಕೊಂಡು ಒಲೆ ಆರಿಸಿದಳು. “ಸುಮ್ನೆ ನಿಂತು ನೋಡು!”

ಸಾರಿನ ಕುದಿ ನಿಂತಿತು. ಮೇಲೆ ತೇಲುತ್ತಿದ್ದ ಕೊಬ್ಬಿನ ಸಣ್ಣ ಹನಿಗಳು ಒಂದನ್ನೊಂದು ಮುಟ್ಟಿ, ಕೂಡಿ, ದೊಡ್ಡ ದುಂಡು ಹನಿಗಳಾದವು.

“ಇದನ್ನ ಯಾರು ಜೋಡಿಸಿದ್ರು? ಕೊಬ್ಬಿಗೆ ಕೊಬ್ಬಿನ ಸೆಳೆತ. ಕೋಶಗಳಲ್ಲೂ ಅಷ್ಟೇ. ಹೆಚ್ಚು ಅಂಟೋವು ಒಳಗೆ ಸೇರ್ತವೆ, ಕಡಿಮೆ ಅಂಟೋವು ಹೊರಗೆ ಉಳೀತವೆ. ಎಳೆದು, ತಳ್ಳಿ, ಪದರ ಆಗಿ ಮಡಚ್ಕೋತವೆ. ಗಾಜಿನ ತಟ್ಟೇಲಿ ಅದನ್ನ ನೋಡ್ತಿದ್ರೆ, ಎಲ್ಲಿ ತಪ್ತಿದೆ ಅಂತ ಹುಡುಕೋಕೆ ದಾರಿ ಸಿಗುತ್ತೆ. ಹೊಟ್ಟೆ ಒಳಗಿದ್ರೆ ಕಾಣುತ್ತಾ?”

“ಹಾಗಾದ್ರೆ ಬಿಟ್ರೆ ಮಗು ಆಗೇಬಿಡುತ್ತೆ!”

“ಕೊಬ್ಬು ಕೂಡಿದ್ರೆ ಕೋಳಿ ಎದ್ದು ಓಡುತ್ತೇನೇ? ಅದು ಮಗುವಾಗಿ ಬೆಳೆಯಲ್ಲ. ಗರ್ಭದಲ್ಲಿ ಇಡಬಾರದು ಅಂತ ಕಟ್ಟುಪಾಡೂ ಇದೆ. ಕೆಲವು ದಿನ ನೋಡ್ಕೊಂಡು ಅಲ್ಲಿಗೇ ನಿಲ್ಲಿಸ್ತಾರೆ.”

ಸಿಗ್ನೆಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. “ನಂಗೆ ಗರ್ಭ ಇಳಿದಾಗ, ಹಾಲಿನ ಕ್ಯಾನ್ ಎತ್ತಿದ್ದಕ್ಕೇ ಹೋಯ್ತು ಅಂದ್ರು ನಮ್ಮತ್ತೆ. ಕಾರ್ಲಾಗೂ ನಾನು ಅದನ್ನೇ ಹೇಳ್ದೆ ಕಣೆ.”

“ಆ ಮಾತು ಅವಳ ತಲೆ ಮೇಲಿಂದ ಇಳೀಲಿ ಅಂತಾನೇ ನಾನು ಬಡ್ಕೊಳ್ತಿರೋದು!”

ಸಿಗ್ನೆ ಕೈ ಒರೆಸಿಕೊಂಡು ಮಗಳಿಗೆ ಫೋನ್ ಮಾಡಿದಳು. “ನಾನೂ ಬರ್ತೀನಮ್ಮ.”

ತಾಯಂದಿರೇ, ಅಣ್ಣತಮ್ಮಂದಿರೇ, ಗರ್ಭ ಉಳಿಯದ ಹೆಣ್ಣನ್ನು ದೂರಬೇಡಿ. ವೈದ್ಯರು ಚರ್ಮದ ಚೂರು ಕೇಳಿದರೆ, ಏಕೆ, ಏನು ಮಾಡುತ್ತೀರಿ, ಎಲ್ಲಿ ನಿಲ್ಲಿಸುತ್ತೀರಿ ಎಂದು ನೀವೂ ಬಾಯಿ ಬಿಟ್ಟು ಕೇಳಿ. ತಿಳಿದ ಮೇಲೆ ಒಪ್ಪುವುದೂ ಬಿಡುವುದೂ ನಿಮ್ಮಿಷ್ಟ. ಗಾಳಿಮಾತಿಗೆ ಮಾತ್ರ ಕಿವಿಗೊಡಬೇಡಿ.

ಶುಕ್ರವಾರ ಬೆಳಿಗ್ಗೆ ಸಿಗ್ನೆ, ಕಾರ್ಲಾ ಇಬ್ಬರೂ ಆಸ್ಪತ್ರೆಗೆ ಹೊರಟರು.