ಗೆದ್ದ ಹಾಗೆ ನಗಿ, ಅಜ್ಜಿ

ಹಂಗಳದ ಹಾಲಿನ ಡೇರಿಯ ಗೋಡೆಗೆ ಒಂದು ಕರಿಹಲಗೆ ನೇತುಹಾಕಿದ್ದಾರೆ. ಯಾರ ಹಾಲಿಗೆ ಎಷ್ಟು ಫ್ಯಾಟು ಬಂತು ಎಂದು ದಿನಾ ಅದರ ಮೇಲೆ ಬರೆಯುತ್ತಾರೆ. ಈ ಸಲ ಸೆಕ್ರೆಟರಿ ಶಿವಮಲ್ಲು ಅದರ ಎಡಭಾಗ ಒರೆಸಿ, ಟಿವಿಯವರ ಪ್ರಶಸ್ತಿ ಯಾರ್ಯಾರಿಗೆ ಬರುತ್ತದೆ ಎಂದು ಬರೆದಿಟ್ಟ. ಮೆಚ್ಚಿನ ನಾಯಕ, ಮೆಚ್ಚಿನ ನಾಯಕಿ, ಮೆಚ್ಚಿನ ಅತ್ತೆ, ಮೆಚ್ಚಿನ ಖಳನಾಯಕಿ. ಯಾವ ಸಾಲಿನಲ್ಲೂ ಊರಿಗೆ ಒಮ್ಮತ ಇರಲಿಲ್ಲ. ಬೆಳಿಗ್ಗೆ ಹಾಲು ಹಾಕಲು ಬಂದವರು ಬರೆಸಿದ ಹೆಸರನ್ನು ಸಂಜೆ ಬಂದವರು ಅಳಿಸುತ್ತಿದ್ದರು. ಕೊನೆಯ ಸಾಲಿಗೆ ಮಾತ್ರ ಯಾರೂ ಕೈ ಹಚ್ಚಲಿಲ್ಲ. ಮೆಚ್ಚಿನ ಅಜ್ಜಿ: ನಮ್ಮೂರ ಮಂಚಮ್ಮ.

ಮಂಚಮ್ಮ ನನ್ನ ಚಿಕ್ಕವ್ವ, ಅಮ್ಮನ ತಂಗಿ. ನಾನು ಕುಮಾರಸ್ವಾಮಿ, ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ಸ್ಟುಡಿಯೋ ಇಟ್ಟುಕೊಂಡು ಮದುವೆ ವಿಡಿಯೋ ಮಾಡುವವನು. ಹಲಗೆಯ ಆ ಕೊನೆಯ ಸಾಲು ತಪ್ಪು ಎಂದು ಇಡೀ ಊರಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ, ನನಗೆ ಮತ್ತು ಚಿಕ್ಕವ್ವನಿಗೆ. ಅವಳು ಅದನ್ನು ನಂಬಿರಲಿಲ್ಲ.

ಇಷ್ಟಕ್ಕೆಲ್ಲ ಮೂಲ ನಾನೇ. ಹೋದ ವರ್ಷ ಒಂದು ಧಾರಾವಾಹಿಯವರು ಹಂಗಳದ ಹೊಲಗಳಲ್ಲಿ ಶೂಟಿಂಗ್ ಮಾಡಲು ಬಂದರು. ಡ್ರೋನ್ ಹಾರಿಸಲು ನನ್ನನ್ನು ಕರೆದಿದ್ದರು. ಚೆನ್ನಾಗಿ ಅಳುವ ಒಬ್ಬ ಅಜ್ಜಿ ಬೇಕಲ್ಲ ಎಂದು ನಿರ್ದೇಶಕರು ಊಟದ ಹೊತ್ತಿನಲ್ಲಿ ಕೇಳಿದಾಗ, ಬಾಯಿ ಮುಚ್ಚಿಕೊಂಡು ಅನ್ನ ತಿನ್ನುವುದು ಬಿಟ್ಟು ಚಿಕ್ಕವ್ವನ ಹೆಸರು ಹೇಳಿದೆ. ಸಾವಿನ ಮನೆಯಲ್ಲಿ ಹಾಡಿಕೊಂಡು ಅಳುವುದರಲ್ಲಿ ಬೇಗೂರಿನವರೆಗೂ ಅವಳ ಹೆಸರಿದೆ. ಎರಡು ದಿನದ ಕೆಲಸ ಎಂದಿದ್ದರು, ಎಂಟು ತಿಂಗಳು ನಡೆಯಿತು. ಚಿಕ್ಕವ್ವ ಬೆಳಿಗ್ಗೆ ಹಸು ಕರೆದು, ಮುದ್ದೆ ಮಾಡಿಟ್ಟು, ಅವರ ವ್ಯಾನಿನಲ್ಲಿ ಹೋಗಿ ಸಂಜೆ ಬರುತ್ತಿದ್ದಳು. ಸುಖವಾಗಿದ್ದಳು. ಅರವತ್ತು ವರ್ಷದ ಹೆಂಗಸು ಹೊಸದಾಗಿ ಸುಖವಾಗಿರುವುದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಧಾರಾವಾಹಿಯಲ್ಲಿ ತಾತ ಸತ್ತ. ಅಜ್ಜಿ ಹಣೆ ಒರೆಸಿಕೊಂಡು ಬಳೆ ಒಡೆದುಕೊಳ್ಳಬೇಕಿತ್ತು. ಚಿಕ್ಕವ್ವ ತನ್ನ ಬಳೆಗಳನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, ಅವರು ಕೊಟ್ಟ ಬಳೆ ಹಾಕಿಕೊಂಡು ಒಡೆದುಕೊಂಡಳು. ತಾಳಿಯನ್ನು ಮಾತ್ರ ತೆಗೆಯಲಿಲ್ಲ, ರವಿಕೆಯ ಒಳಗೆ ಸೇರಿಸಿ ಪಿನ್ನು ಚುಚ್ಚಿಕೊಂಡಿದ್ದಳು. ಅದು ಟಿವಿಯಲ್ಲಿ ಕಾಣುವುದಿಲ್ಲವಲ್ಲ. ಕಂಡದ್ದು ಬೋಳು ಹಣೆ, ಬರಿಗೈ, ಎದೆ ಬಡಿದುಕೊಂಡು ಅಳುವ ಮಂಚಮ್ಮ. ಅವಳ ಗಂಡ ಬೆಟ್ಟಯ್ಯ, ನನ್ನ ಚಿಕ್ಕಪ್ಪ, ಅಕ್ಕಪಕ್ಕದವರ ಜೊತೆ ಕುಳಿತು ಅದನ್ನು ನೋಡಿದ. ಎದ್ದು ಹೆಗಲಿಗೆ ಟವೆಲ್ ಹಾಕಿಕೊಂಡು ಅಣ್ಣ ಚಿಕ್ಕಮಲ್ಲಪ್ಪನವರ ಮನೆಗೆ ನಡೆದ.

"ನಾ ಬದುಕಿರುವಾಗ್ಲೇ ಬಳೆ ಒಡ್ಕಂಡವಳ ಕೈಲಿ ಎಂಗಣ್ಣ ಉಣ್ಲಿ?" ಎಂದು ಕೇಳಿದನಂತೆ.

ಅವತ್ತಿನಿಂದ ಊಟ ಅಣ್ಣನ ಮನೆಯಲ್ಲಿ, ಮಲಗುವುದು ತನ್ನ ಮನೆಯ ಜಗಲಿಯ ಮೇಲೆ. ಹೆಂಡತಿಗೆ ಹೇಳುವುದೇನಾದರೂ ಇದ್ದರೆ ಹಸುವಿಗೆ ಹೇಳುತ್ತಿದ್ದ. "ನಾಳೆ ಅರಿಶಿನಕ್ಕ ನೀರ್ ಬುಡ್ಬೇಕು ಕಣೇ" ಎಂದು ಹಸುವಿನ ಮೈ ಸವರುತ್ತ ಹೇಳಿದರೆ ಚಿಕ್ಕವ್ವ ಮಾರನೇ ದಿನ ಗುದ್ದಲಿ ಹಿಡಿದು ಹೊಲಕ್ಕೆ ಹೋಗುತ್ತಿದ್ದಳು. ಮೊದಲು ನಾವೆಲ್ಲ ನಕ್ಕೆವು. ಒಂಬತ್ತು ತಿಂಗಳಾದ ಮೇಲೆ ಯಾರಿಗೂ ನಗು ಬರುತ್ತಿರಲಿಲ್ಲ. ಚಿಕ್ಕವ್ವ ದಿನಾ ಇಬ್ಬರಿಗೆ ಅಡುಗೆ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು.

ಪ್ರಶಸ್ತಿಯ ಪಟ್ಟಿಯಲ್ಲಿ ಅವಳ ಹೆಸರಿದೆ ಎಂದು ಫೋನು ಬಂದಾಗ ಚಿಕ್ಕಮಲ್ಲಪ್ಪನವರು ತಮ್ಮನನ್ನು ಕೂರಿಸಿಕೊಂಡು ಬುದ್ಧಿ ಹೇಳಿದರು. ಚಿಕ್ಕಪ್ಪ ಒಂದು ಮಾತು ಹೇಳಿದ. "ಅದು ಬಂದ್ರೆ, ದೇವ್ರೇ ಒಪ್ದ ಅನ್ಕತೀನಿ. ಅವತ್ತೇ ಅವಳ ಕೈಲಿ ಉಣ್ತೀನಿ. ಬರ್ದಿದ್ರೆ ಈ ಮಾತು ಇನ್ನೊಂದ್ಸಲ ಎತ್ಕೂಡ್ದು." ಮಾರನೇ ದಿನ ಮಾರಿಗುಡಿಯಲ್ಲಿ ಹೂ ಕೇಳಿದ್ದೂ ಅವನೇ. ದೇವಿಯ ಬಲಗಡೆಯಿಂದ ಕಣಗಿಲೆ ಹೂ ಬಿತ್ತು, ಅಂದರೆ ಆಗುತ್ತದೆ ಎಂದು. ಶಿವಮಲ್ಲು ನೇರ ಡೇರಿಗೆ ಬಂದು ಹಲಗೆಯ ಮೇಲೆ ಆ ಕೊನೆಯ ಸಾಲು ಬರೆದದ್ದು ಆಗಲೇ.

ಸಮಾರಂಭ ಬೆಂಗಳೂರಿನಲ್ಲಿ ಒಂದು ಗುರುವಾರ ನಡೆಯಿತು. ಟಿವಿಯಲ್ಲಿ ತೋರಿಸುವುದು ಅದಾದ ಎರಡನೇ ಭಾನುವಾರ. ಚಿಕ್ಕವ್ವನ ಜೊತೆಗೆ ನಾನು ಹೋಗಿದ್ದೆ. ಬಾಗಿಲಲ್ಲೇ ಒಂದು ಕಾಗದಕ್ಕೆ ನನ್ನ ಸಹಿ, ಅವಳ ಹೆಬ್ಬೆಟ್ಟು ಹಾಕಿಸಿಕೊಂಡರು. ಟಿವಿಯಲ್ಲಿ ಬರುವ ತನಕ ಯಾರು ಗೆದ್ದರೆಂದು ಬಾಯಿ ಬಿಡಬಾರದು. ಆಮೇಲೆ ಕಿವಿಗೆ ಮೈಕು ಸಿಕ್ಕಿಸಿಕೊಂಡ ಹುಡುಗಿಯೊಬ್ಬಳು ಬಂದು, ಇನ್ನೂ ಜನ ತುಂಬುವ ಮೊದಲೇ, ಚಿಕ್ಕವ್ವನ ಮುಂದೆ ಕ್ಯಾಮೆರಾ ನಿಲ್ಲಿಸಿದಳು.

"ಗೆದ್ದ ಹಾಗೆ ನಗಿ, ಅಜ್ಜಿ. ನಂಬೋಕೇ ಆಗ್ತಿಲ್ಲ ಅನ್ನೋ ಥರ."

ಚಿಕ್ಕವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡಳು, ಕಣ್ಣು ತುಂಬಿಕೊಂಡಳು, ನಕ್ಕಳು. ಹಣೆಯ ಮೇಲೆ ಕಾಸಗಲ ಕುಂಕುಮವಿತ್ತು. ಚಪ್ಪಾಳೆ ತಟ್ಟುವುದನ್ನೂ ತೆಗೆದುಕೊಂಡರು. ಈ ಕೆಲಸ ನನಗೆ ಗೊತ್ತಿಲ್ಲದ್ದಲ್ಲ. ಬೇಗೂರಿನ ಒಂದು ಮದುವೆಯಲ್ಲಿ ಹುಡುಗಿಯ ಸೋದರಮಾವ ಊಟದ ಪಂಕ್ತಿಯಲ್ಲಿ ನಕ್ಕದ್ದನ್ನು ಕತ್ತರಿಸಿ ತಾಳಿ ಕಟ್ಟುವ ಹೊತ್ತಿಗೆ ಅಂಟಿಸಿದವನು ನಾನು. ಅವನಂತೂ ಆ ಮದುವೆಗೆ ವಿರೋಧವಾಗಿದ್ದ.

ಪ್ರಶಸ್ತಿ ಬಂದದ್ದು ಬೃಂದಾ ಎಂಬ ನಟಿಗೆ, ಇನ್ನೊಂದು ಧಾರಾವಾಹಿಯ ಅಜ್ಜಿಗೆ. ಹೆಸರು ಕರೆದರು, ಆಕೆ ಹತ್ತಿದರು, ನಾಲ್ಕು ಮಾತಾಡಿದರು. ಅಷ್ಟರಲ್ಲಿ ಮೈಕು ಕೈಕೊಟ್ಟಿತೆಂದು ಅವರನ್ನು ಮತ್ತೆ ಕೆಳಗಿಳಿಸಿ, ಮತ್ತೆ ಹೆಸರು ಕರೆದು, ಮತ್ತೆ ಹತ್ತಿಸಿದರು. ಚಿಕ್ಕವ್ವ ನನ್ನ ಮೊಣಕೈ ತಿವಿದು, "ನೋಡ್ದಾ, ಇದು ಸೆಕೆಂಡ್ ಟೇಕು" ಎಂದಳು. ಅವಳ ಮುಖದಲ್ಲಿ ಸೋತ ಲಕ್ಷಣವೇ ಇರಲಿಲ್ಲ.

ಬರುವಾಗ ಬಸ್ಸಿನಲ್ಲಿ ಬಿಡಿಸಿ ಹೇಳಿದೆ. "ಚಿಕ್ಕವ್ವ, ಅದು ಮುಗ್ದೋಯ್ತು. ಗೆದ್ದೋರು ಆಯಮ್ಮ. ಇನ್ನ ಬದ್ಲಾಗಲ್ಲ."

"ನಿಂಗೇನ್ಲಾ ಗೊತ್ತು. ತಾತ ಸಾಯದ್ನ ಮೊದ್ಲು ತೆಗುದ್ರು, ಬದುಕಿರದ್ನ ಆಮ್ಯಾಕ ತೆಗುದ್ರು. ನಾ ಅತ್ತಿದ್ದ ಏಳ್ಸಲ ತೆಗ್ದು, ಒಂದ ಇಟ್ಕಂಡು ಮಿಕ್ಕಿದ್ದ ಎಸುದ್ರು. ಗೆದ್ದಿದ್ದನೂ ತೆಕ್ಕಂಡವ್ರಲ್ಲ ನಂದ. ಸುಮ್ನ ತೆಕ್ಕಂಡಾರಾ?"

ಎಂಟು ತಿಂಗಳು ಕಣ್ಣಾರೆ ಕಂಡು ಕಲಿತ ಪಾಠ ಅವಳದು. ಸತ್ತವರು ಎದ್ದು ಟೀ ಕುಡಿಯುವ ಜಾಗದಲ್ಲಿ ಸೋಲು ಮಾತ್ರ ಯಾಕೆ ನಿಜವಾಗಿ ಉಳಿಯಬೇಕು? ನಂಜನಗೂಡು ದಾಟುವ ತನಕ ಹೇಳಿದೆ. ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದಳು.

ಊರಿನಲ್ಲಿ ಆ ಹತ್ತು ದಿನ ಹೇಗೆ ಕಳೆದೆನೋ. ಡೇರಿಯ ಮುಂದೆ ಬೈಕು ನಿಲ್ಲಿಸಿದರೆ ಸಾಕು, ಜನ ಮುತ್ತಿಕೊಳ್ಳುತ್ತಿದ್ದರು. ಹೇಳುವ ಹಾಗಿಲ್ಲ, ಸಹಿ ಹಾಕಿಸಿಕೊಂಡಿದ್ದಾರೆ ಎಂದೆ. ಅದೇ ನಾನು ಮಾಡಿದ ದೊಡ್ಡ ತಪ್ಪು.

"ಸೋತಿರದ್ನ ಯಾರ್ಲಾ ಮುಚ್ಚಿಡ್ತಾರ?" ಎಂದು ಶಿವಮಲ್ಲು ಎಲ್ಲರ ಮುಂದೆ ಕೇಳಿದ. "ಗೆದ್ದಿರದ್ನ ತಾನೆ ಮುಚ್ಚಿಡದು?"

ಎಲ್ಲರೂ ಹೌದೆಂದು ತಲೆಯಾಡಿಸಿದರು. ಅವನು ಸುಣ್ಣದ ಕಡ್ಡಿ ತೆಗೆದುಕೊಂಡು ಮಂಚಮ್ಮ ಎಂಬ ಹೆಸರಿನ ಸುತ್ತ ಒಂದು ಚೌಕ ಹಾಕಿದ. ನಾನು ಬಾಯಿ ತೆಗೆದರೂ ತಪ್ಪು, ಮುಚ್ಚಿದರೂ ತಪ್ಪು. ಧಾರಾವಾಹಿ ಆಫೀಸಿಗೆ ಫೋನು ಮಾಡಿ, ಆ ನಗುವನ್ನಾದರೂ ಹಾಕಬೇಡಿ ಎಂದು ಕೇಳೋಣವೆಂದರೆ ಯಾರೂ ಎತ್ತಲಿಲ್ಲ. ಎತ್ತಿದ್ದರೂ ಯಾವ ಹಂಗಳ, ಯಾವ ಅಜ್ಜಿ ಎಂದು ಕೇಳುತ್ತಿದ್ದರು.

ಶನಿವಾರ ಚಿಕ್ಕಪ್ಪನೇ ನನ್ನ ಸ್ಟುಡಿಯೋಗೆ ಬಂದ. ಗುಂಡ್ಲುಪೇಟೆಯಲ್ಲಿ ಬೇರೆ ಕೆಲಸವಿತ್ತು ಎಂದ, ಇರಲಿಲ್ಲ. ಸ್ಟೂಲಿನ ಮೇಲೆ ಕುಳಿತು ಗೋಡೆಯ ಮೇಲಿನ ಮದುಮಕ್ಕಳ ಫೋಟೋಗಳನ್ನು ಒಂದೊಂದಾಗಿ ನೋಡಿದ.

"ನೀನೂ ಓಗಿದ್ದಲ್ಲ ಮಗ," ಎಂದ. "ನಾ ಕೇಳಕಿಲ್ಲ ಬುಡು. ಸಹಿ ಹಾಕಿದ್ದೀಯಂತಲ್ಲ." ಮತ್ತೆ ಫೋಟೋಗಳ ಕಡೆ ತಿರುಗಿ, "ಅಣ್ಣನ ಮನೇಲಿ ಸಾರಿಗ ಹುಣಸೆ ಜಾಸ್ತಿ ಹಾಕ್ತಾರ ಕಣ್ಲಾ. ಒಂಬತ್ತು ತಿಂಗಳಾಯ್ತು, ಹೊಟ್ಟೆಗ ಹಿಡೀನಿಲ್ಲ" ಎಂದ.

ಅವನು ಕೇಳಿದ್ದರೆ ಹೇಳಿಬಿಡುತ್ತಿದ್ದೆನೇನೋ. ಅವನು ಕೇಳಲಿಲ್ಲ. ಹಾಗಾದರೆ ಪ್ರಶಸ್ತಿಯ ಮಾತು ಬಿಟ್ಟು ಸುಮ್ಮನೆ ಮನೆಗೆ ಹೋಗಿ ಉಣ್ಣು ಎಂದು ಹೇಳಬಹುದಿತ್ತು. ಆ ಮಾತು ನಾಲಿಗೆಯ ತನಕ ಬಂದಿತ್ತು. ದೇವರ ಹೆಸರಿನಲ್ಲಿ ಆಡಿದ ಮಾತನ್ನು ಮುರಿ ಎಂದು ಹಿರಿಯನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಟೀ ತರಿಸಿದೆ, ಅವನು ಕುಡಿದು ಹೋದ.

ಭಾನುವಾರ ಸಂಜೆ ಡೇರಿಯ ಜಗಲಿಯ ಮೇಲೆ ದೊಡ್ಡ ಟಿವಿ ಇಟ್ಟರು. ಹಾಲು ಹಾಕಿದವರು ಖಾಲಿ ಕ್ಯಾನು ಬೋರಲು ಹಾಕಿಕೊಂಡು ಅಲ್ಲೇ ಕುಳಿತರು. ರಾತ್ರಿಗೆ ಬಂಡೀಪುರ ಕಾಡಿನ ಗೇಟು ಮುಚ್ಚುವ ಮೊದಲು ದಾಟಿಬಿಡಬೇಕೆಂದು ಹೈವೇಯಲ್ಲಿ ಗಾಡಿಗಳು ಓಡುತ್ತಲೇ ಇದ್ದವು. ಚಿಕ್ಕವ್ವ ಮುಂದಿನ ಸಾಲಿನಲ್ಲಿದ್ದಳು. ಹೊಸ ಬಳೆ ತೊಟ್ಟಿದ್ದಳು. ಅಡುಗೆ ಮಾಡಿಟ್ಟೇ ಬಂದೆ ಎಂದು ನನ್ನ ಕಿವಿಯಲ್ಲಿ ಹೇಳಿದಳು. ಚಿಕ್ಕಪ್ಪ ಎಲ್ಲರಿಗಿಂತ ಹಿಂದೆ, ಹುಣಸೆಮರದ ಬುಡದಲ್ಲಿ ನಿಂತಿದ್ದ.

ಹಲಗೆಯ ಮೇಲಿನ ಹೆಸರುಗಳು ಒಂದೊಂದಾಗಿ ಸರಿಯಾದವು, ತಪ್ಪಾದವು. ಶಿವಮಲ್ಲು ಎದ್ದೆದ್ದು ಗುರುತು ಹಾಕಿದ. ಕೊನೆಗೆ ಮೆಚ್ಚಿನ ಅಜ್ಜಿ ಬಂತು. ನಿರೂಪಕ ಲಕೋಟೆ ಹರಿದ, ಒಳಗಿನ ಚೀಟಿ ನೋಡಿ ಸುಮ್ಮನೆ ನಿಂತ. ಅಷ್ಟರಲ್ಲಿ ಟಿವಿ ತುಂಬ ಚಿಕ್ಕವ್ವನ ಮುಖ ಬಂತು. ಬಾಯಿಯ ಮೇಲೆ ಕೈ, ತುಂಬಿದ ಕಣ್ಣು, ನಗು.

ಊರು ಹೋ ಎಂದು ಕೂಗಿಕೊಂಡಿತು. ಯಾರೋ ಕ್ಯಾನು ಬಡಿದರು. ಆ ಗದ್ದಲದಲ್ಲಿ ಕರೆದ ಹೆಸರು ಯಾರಿಗೂ ಕೇಳಿಸಲಿಲ್ಲ. ನಾನು ಹಿಂದೆ ತಿರುಗಿದೆ. ಚಿಕ್ಕಪ್ಪ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡು, ಬೆನ್ನು ತಿರುಗಿಸಿ ಮನೆಯ ಕಡೆ ಹೆಜ್ಜೆ ಹಾಕುತ್ತಿದ್ದ. ಮತ್ತೆ ಟಿವಿ ನೋಡಿದಾಗ ಬೃಂದಾ ಮೆಟ್ಟಿಲು ಹತ್ತುತ್ತಿದ್ದರು.

ಕ್ಯಾನು ಬಡಿಯುವುದು ನಿಂತಿತು. ಚಿಕ್ಕವ್ವ ಟಿವಿಯನ್ನೇ ನೋಡುತ್ತಿದ್ದಳು. ಬೃಂದಾ ಮಾತಾಡಿದರು, ಇಳಿದರು. ಮತ್ತೆ ಯಾರೂ ಅವರನ್ನು ಕರೆಯಲಿಲ್ಲ, ಜಾಹೀರಾತು ಬಂತು. ಆಗ ಅವಳು ಹಿಂದೆ ತಿರುಗಿ ಹುಣಸೆಮರದ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಎದ್ದು ಹೊರಟಳು, ನಾನು ಹಿಂದೆಯೇ ಓಡಿದೆ.

ಚಿಕ್ಕಪ್ಪ ಕೈಕಾಲು ತೊಳೆದು ಅಡುಗೆಮನೆಯಲ್ಲಿ ಕುಳಿತಿದ್ದ. ತಟ್ಟೆಯನ್ನು ತಾನೇ ತೆಗೆದು ಮುಂದಿಟ್ಟುಕೊಂಡಿದ್ದ. ಚಿಕ್ಕವ್ವ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಒಳಗೆ ಹೋಗಿ ಮುದ್ದೆ ಇಟ್ಟು ಸಾರು ಬಿಟ್ಟಳು. ಬಳೆಗಳ ಸದ್ದು ನನಗೆ ಕೇಳಿಸುತ್ತಿತ್ತು.

ಅವನು ಮೊದಲ ತುತ್ತು ನುಂಗಿ, ತಲೆ ಎತ್ತದೆ, "ಟೀವೀಲಿ ನೀ ಚೆಂದಾಗ್ ಕಾಣ್ತಿದ್ದ ಕಣಮ್ಮಿ" ಎಂದ. "ಹಣೆ ತುಂಬ ಕುಂಕುಮ."

ಒಂಬತ್ತು ತಿಂಗಳಲ್ಲಿ ಅವನು ಅವಳಿಗೆ ಆಡಿದ ಮೊದಲ ಮಾತು ಅದು. ಚಿಕ್ಕವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು.

"ಯಾಕ್ಲಾ ನಿಂತಿದ್ದೀಯ, ಕೂತ್ಕ. ಆ ಪ್ರಶಸ್ತೀನ ಯಾವತ್ತು ಕೊಟ್ಟಾರು ಕೈಗ? ನಾನೂ ಬತ್ತೀನಿ ಬೆಂಗಳೂರ್ಗ," ಎಂದ ನನಗೆ.

ನಾನು ಚಿಕ್ಕವ್ವನನ್ನು ನೋಡಿದೆ. ಅವಳು ಸೆರಗು ತೆಗೆದು ನನ್ನನ್ನೇ ನೋಡುತ್ತಿದ್ದಳು.

"ಮೊದ್ಲು ಉಣ್ಲಿ ಬುಡು, ಕುಮಾರ," ಎಂದಳು.

ಹೊರಗೆ ಜನ ಬರುವ ಸದ್ದಾಯಿತು. ಸಮಾಧಾನ ಹೇಳಲು ಬರುತ್ತಿದ್ದರು, ಒಳ್ಳೆಯ ಜನ. ನಾನು ಹೋಗಿ ಬಾಗಿಲಿಗೆ ಅಡ್ಡ ನಿಂತೆ. ಹಿರಿಯರು ಬಂದಾಗ ಎಷ್ಟು ಹೊತ್ತು ಹಾಗೆ ನಿಲ್ಲಲಾದೀತು? ಚಿಕ್ಕಮಲ್ಲಪ್ಪನವರು ಎಲ್ಲರಿಗಿಂತ ಮುಂದಿದ್ದರು, ಜಗಲಿಯ ಕೆಳಗೆ ಚಪ್ಪಲಿ ಬಿಡುತ್ತಲೇ, "ಓಗ್ಲಿ ಬುಡಮ್ಮಿ ಮಂಚಮ್ಮ" ಎಂದು ಶುರು ಮಾಡಿದರು. ಒಳಗೆ ತಟ್ಟೆಯಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು.