ಒದ್ದೆ ಬಲ್ಬಿನ ಹನ್ನೊಂದು ದಿನ

ಇಪ್ಪತ್ನಾಲ್ಕು ರೆಕಾರ್ಡ್ ಪುಸ್ತಕಗಳಲ್ಲಿ ಇಪ್ಪತ್ಮೂರು ಅಚ್ಚುಕಟ್ಟಾಗಿದ್ದವು. ಹದಗೆಟ್ಟಿದ್ದು ಒಂದೇ, ಅದೂ ಕೊಡಗಿನ ಹುಡುಗಿ ಬೋಜಮ್ಮನದು. ನನಗೆ ಮೈಯೆಲ್ಲ ಉರಿಯಿತು. ಇಡೀ ತರಗತಿಯಲ್ಲಿ ಕರ್ನಾಟಕದವಳೆಂದರೆ ಅವಳೊಬ್ಬಳೇ, ಭೂಗೋಳ ವಿಭಾಗದಲ್ಲಿ ನಾನೊಬ್ಬಳೇ. ಅವಳು ಫೇಲಾದರೆ ಸ್ಟಾಫ್ ರೂಮಿನಲ್ಲಿ "ಅಹಲ್ಯಾ ಜೀ, ಆಪ್ ಕೀ ಲಡ್ಕೀ", ನಿಮ್ಮ ಹುಡುಗಿ, ಎಂದು ಹಲ್ಲು ಕಿರಿಯುವವರಿಗೆ ಬರವಿರಲಿಲ್ಲ.

ಅದು ಎರಡು ಸಾವಿರದ ಆರನೇ ಇಸವಿಯ ಅಕ್ಟೋಬರ್. ದೆಹಲಿಯ ಆ ಕಾಲೇಜಿನಲ್ಲಿ ನಾನು ಅಡ್‌ಹಾಕ್, ಅಂದರೆ ನಾಲ್ಕು ತಿಂಗಳಿಗೊಮ್ಮೆ ನನ್ನ ನೌಕರಿ ಮುಗಿಯುತ್ತಿತ್ತು, ಹೆಡ್ ಖುರಾನಾ ಮೇಡಂ ಮನಸ್ಸು ಮಾಡಿದರೆ ಮತ್ತೆ ಶುರುವಾಗುತ್ತಿತ್ತು. ಯಾರಿಗೂ ಬೇಡವಾದ ಹವಾಮಾನದ ಪ್ರಾಕ್ಟಿಕಲ್ ನನ್ನ ತಲೆಗೆ ಬಂದಿತ್ತು. ಬಂದದ್ದನ್ನು ಸರಿಯಾಗಿ ಮಾಡಿ ತೋರಿಸುತ್ತೇನೆಂದು ಮೊದಲ ದಿನವೇ ನಿಯಮಗಳ ಹಾಳೆ ಟೈಪು ಮಾಡಿಸಿ ಹಂಚಿದ್ದೆ. ಮೂವತ್ತು ದಿನ, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ, ತಾರಸಿಯ ಮೇಲಿನ ಬಿಳಿ ಮರದ ಪೆಟ್ಟಿಗೆಯೊಳಗಿನ ಎರಡು ಥರ್ಮಾಮೀಟರುಗಳನ್ನು ನೋಡಿ ಬರೆಯಬೇಕು. ಸರಿಯಾದ ದಿನಕ್ಕೆ ಒಂದು ಅಂಕ. ಖಾಲಿ ಬಿಟ್ಟರೆ, ಅಸಂಬದ್ಧ ಬರೆದರೆ ಒಂದು ಕಡಿತ. ಗ್ರಾಫಿಗೆ ಹತ್ತು, ಮೌಖಿಕ ಪರೀಕ್ಷೆಗೆ ಹತ್ತು. ಐವತ್ತಕ್ಕೆ ಇಪ್ಪತ್ತು ಬಂದರೆ ಪಾಸು. ಉಪಕರಣಗಳನ್ನು ವಿದ್ಯಾರ್ಥಿಗಳು ಮುಟ್ಟಕೂಡದು. ಕಡಿತದ ನಿಯಮ ನನ್ನದೇ ಸ್ವಂತದ್ದು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ಆ ಎರಡು ಥರ್ಮಾಮೀಟರುಗಳಲ್ಲಿ ಒಂದು ಸಾದಾ. ಇನ್ನೊಂದರ ಬುಡಕ್ಕೆ ತೆಳ್ಳನೆಯ ಬಟ್ಟೆ ಸುತ್ತಿ, ಅದರ ತುದಿಯನ್ನು ನೀರಿನ ಪುಟ್ಟ ಬಾಟಲಿಯಲ್ಲಿ ಇಳಿಬಿಟ್ಟಿರುತ್ತಾರೆ. ಬಟ್ಟೆಯ ನೀರು ಆರುವಾಗ ಬಲ್ಬು ತಣ್ಣಗಾಗುತ್ತದೆ. ಎರಡರ ನಡುವಿನ ವ್ಯತ್ಯಾಸದಿಂದ ಗಾಳಿಯಲ್ಲಿ ತೇವ ಎಷ್ಟಿದೆ ಎಂದು ಲೆಕ್ಕ ಹಾಕಬಹುದು. ಎರಡೂ ಒಂದೇ ತೋರಿಸಿದರೆ ತೇವಾಂಶ ನೂರಕ್ಕೆ ನೂರು ಎಂದರ್ಥ. ಬೋಜಮ್ಮ ಅಕ್ಟೋಬರ್ ಮೂರರಿಂದ ಹದಿನಾಲ್ಕರವರೆಗೆ, ಭಾನುವಾರ ಬಿಟ್ಟು ಹನ್ನೊಂದು ದಿನವೂ ಹಾಗೇ ಬರೆದಿದ್ದಳು. ತುಟಿ ಒಡೆಯುವ ಆ ಒಣ ಬೆಳಗುಗಳಲ್ಲಿ ನೂರಕ್ಕೆ ನೂರು!

ಹತ್ತೊಂಬತ್ತರಲ್ಲಿ ಹನ್ನೊಂದು ಕಳೆದರೆ ಎಂಟು. ಗ್ರಾಫಿಗೆ ಮೂರು, ಮೌಖಿಕಕ್ಕೆ ಎಂಟು. ಒಟ್ಟು ಹತ್ತೊಂಬತ್ತು. ಒಂದು ಅಂಕಕ್ಕೆ ಫೇಲು. ಪ್ರಾಕ್ಟಿಕಲ್ ಹೋದರೆ ಇಡೀ ವರ್ಷ ಮತ್ತೆ ಓದಬೇಕು.

ಕರೆಸಿದೆ. ಅವಳು ದಂಡು ಪ್ರದೇಶದ ಕ್ವಾರ್ಟರ್ಸಿನಲ್ಲಿ ಬೆಳೆದವಳು, ಅಪ್ಪ ಕಾರ್ಯಪ್ಪ ಸೈನ್ಯದಲ್ಲಿ ಸುಬೇದಾರ್. ಬಂದು ನೆಟ್ಟಗೆ ನಿಂತಳು.

"ಏನಮ್ಮ ಇದು? ಕಣ್ಣು ಮುಚ್ಕೊಂಡು ಬರೆದಿದ್ದೀಯಾ?"

"ಇಲ್ಲ ಮ್ಯಾಮ್. ಅಲ್ಲಿ ಇದ್ದಿದ್ದೇ ಬರ್ದಿದ್ದು."

"ಉಳಿದ ಇಪ್ಪತ್ಮೂರು ಜನಕ್ಕೆ ಕಾಣಿಸಿದ್ದು ನಿನಗೊಬ್ಬಳಿಗೆ ಕಾಣಿಸಲಿಲ್ವಾ?"

"ಬಾಟಲಿ ಇರ್ಲಿಲ್ಲ ಮ್ಯಾಮ್. ದಸರಾ ರಜೇಲಿ ಬಂದರ್ ಲೇ ಗಯಾ, ಕೋತಿ ಎತ್ಕೊಂಡ್ಹೋಯ್ತು. ನಾನು ಮೂರನೇ ತಾರೀಖೇ ನಿಮ್ಗೆ ಹೇಳ್ದೆ. ನೀವು ನೋಡೋಣ ಅಂದ್ರಿ."

ನನಗೆ ನೆನಪಿರಲಿಲ್ಲ. ನೆನಪಿಲ್ಲ ಎನ್ನುವುದೇ ಸಿಟ್ಟನ್ನು ಇನ್ನಷ್ಟು ಕೆರಳಿಸಿತು. "ನಡಿ, ತೋರಿಸು" ಎಂದು ದಡದಡ ಮೆಟ್ಟಿಲು ಹತ್ತಿದೆ. ನಾಲ್ಕು ಮಹಡಿ. ತಾರಸಿಗೆ ಹೋಗುವಷ್ಟರಲ್ಲಿ ಏದುಸಿರು ಬಂದಿತ್ತು.

ಪೆಟ್ಟಿಗೆಯ ಬಾಗಿಲು ಕಿತ್ತು ಜೋತಾಡುತ್ತಿತ್ತು. ಬಾಟಲಿ ಇರಲಿಲ್ಲ. ಬಟ್ಟೆ ಒಣಗಿ ಹಪ್ಪಳದಂತೆ ಸೆಟೆದುಕೊಂಡಿತ್ತು. ಎರಡು ಥರ್ಮಾಮೀಟರುಗಳೂ ಒಂದೇ ಅಂಕಿ ತೋರಿಸುತ್ತಿದ್ದವು. ಬೋಜಮ್ಮ ಪಕ್ಕಕ್ಕೆ ಸರಿದು ನಿಂತಳು.

ಹಾಗಾದರೆ ಆ ಇಪ್ಪತ್ಮೂರು ಮಂದಿ ಈ ಹನ್ನೊಂದು ದಿನ ಮೇಲೆ ಬಂದೇ ಇರಲಿಲ್ಲ. ಬೆಳಗಿನ ಪೇಪರಿನಲ್ಲಿ ಬರುವ ಅಂಕಿಗಳನ್ನು ಅಲ್ಲಿ ಇಲ್ಲಿ ಚೂರು ತಿರುಚಿ, ಕ್ಯಾಂಟೀನಿನಲ್ಲಿ ಕೂತು ತುಂಬಿದ್ದರು. ಕಳ್ಳರು. ಒಬ್ಬೊಬ್ಬರನ್ನೂ ಸೊನ್ನೆ ಹಾಕಿ ಮನೆಗೆ ಕಳಿಸುತ್ತೇನೆ ಎಂದು ಹಲ್ಲು ಕಡಿಯುತ್ತ ಕೆಳಗಿಳಿದೆ. ಮೊದಲ ಪುಸ್ತಕ ತೆರೆದು ಕೆಂಪು ಪೆನ್ನು ಹಿಡಿದೆ. ಅಕ್ಟೋಬರ್ ಮೂರರ ಸಾಲಿನ ಕೊನೆಯಲ್ಲಿ "ಪರಿಶೀಲಿಸಲಾಗಿದೆ" ಎಂಬ ಕಾಲಮಿನಲ್ಲಿ ನನ್ನ ಸಹಿ. ನಾಲ್ಕನೇ ತಾರೀಖಿಗೂ ನನ್ನ ಸಹಿ. ಎಲ್ಲ ಪುಸ್ತಕಗಳಲ್ಲೂ, ಎಲ್ಲ ದಿನಗಳಿಗೂ. ಬ್ಲೂಲೈನ್ ಬಸ್ಸಿನಲ್ಲಿ ಜೋತುಬಿದ್ದು ಆರ್.ಕೆ.ಪುರಂನಿಂದ ಒಂಬತ್ತೂಕಾಲಿಗೆ ಬಂದು, ಕೂತಲ್ಲೇ ಚಹಾ ಕುಡಿಯುತ್ತ ಹಾಕಿದ ಸಹಿಗಳು.

ಖುರಾನಾ ಮೇಡಂ ಹತ್ತಿರ ಹೋದೆ. ನಡೆದದ್ದನ್ನು ಹೇಳಿದೆ, ಸಹಿಯ ಮಾತು ಬಿಟ್ಟು. ಅವರೇನು ದಡ್ಡರೇ? ನಾನು ತಂದ ಪುಸ್ತಕದ ಒಂದು ಪುಟ ತಿರುವಿ, ಬೆರಳಿಟ್ಟದ್ದು ನೇರ ಆ ಕಾಲಮಿನ ಮೇಲೆ.

"ವೆರಿಫೈ ತೋ ಆಪ್ ನೇ ಕಿಯಾ ಹೈ ನಾ?" ಪರಿಶೀಲಿಸಿದ್ದು ನೀವೇ ಅಲ್ಲವೇ ಎಂದರು, ಬಹಳ ಮೃದುವಾಗಿ. "ಗುರುವಾರ ಎಕ್ಸ್‌ಟರ್ನಲ್ ಎಕ್ಸಾಮಿನರ್ ಬರ್ತಾರೆ. ಇಪ್ಪತ್ಮೂರು ಫೇಲು ಅಂತ ಅವರ ಮುಂದೆ ಇಡ್ತೀರಾ? ಆ ಒಂದು ಹುಡುಗಿಗೆ ಸರಿಮಾಡಿಕೊಳ್ಳೋಕೆ ಹೇಳಿ. ಹನ್ನೊಂದು ರೀಡಿಂಗ್, ಅಷ್ಟೇ. ನಿಮ್ಮ ರಿನ್ಯೂವಲ್ ಫೈಲೂ ಇಲ್ಲೇ ಇದೆ, ದೀಪಾವಳಿಗೆ ಮುಂಚೆ ಕಳಿಸಬೇಕು." ಇದನ್ನೆಲ್ಲ ಅವರು ಹಿಂದಿಯಲ್ಲೇ ಹೇಳಿದ್ದು. ನನ್ನ ಕಿವಿಗೆ ಮಾತ್ರ ಅಪ್ಪಟ ಕನ್ನಡದಲ್ಲಿ ಬೈದ ಹಾಗೆ ಕೇಳಿಸಿತು.

ಎದ್ದು ಬಾಗಿಲು ಬಡಿದು ಬರಬೇಕಿತ್ತು. "ಜೀ ಮೇಡಂ" ಎಂದು ಬಂದೆ.

ಮರುದಿನ ಬೋಜಮ್ಮನನ್ನು ಲ್ಯಾಬಿನಲ್ಲಿ ಕೂರಿಸಿ, ಅವಳ ಪುಸ್ತಕ ಮತ್ತು ವೈಟ್ನರ್ ಶೀಶೆ ಮುಂದಿಟ್ಟೆ. ಅವಳ ಮೇಲೂ ನನಗೆ ಕೋಪವಿತ್ತು, ಸುಳ್ಳು ಯಾಕೆ ಹೇಳಲಿ. ಎಲ್ಲರ ಹಾಗೆ ತುಂಬಿಬಿಟ್ಟಿದ್ದರೆ ಇದು ಯಾವುದೂ ಇರುತ್ತಿರಲಿಲ್ಲ.

"ಒದ್ದೆ ಬಲ್ಬಿನ ಹನ್ನೊಂದು ಅಂಕಿ ತಿದ್ದು. ಪಾಸಾಗ್ತೀಯ."

"ಏನು ಬರೀಲಿ ಮ್ಯಾಮ್?"

"ಬೇರೆಯವರದ್ದು ನೋಡ್ಕೋ."

"ಒಬ್ಬೊಬ್ರದ್ದು ಒಂದೊಂದು ಥರ ಇದೆ. ನೀವೇ ಹೇಳಿ, ಬರ್ಕೋತೀನಿ."

ಕುಹಕವಿರಲಿಲ್ಲ ಆ ಮಾತಿನಲ್ಲಿ. ಪೆನ್ನು ಹಿಡಿದು ನನ್ನ ಮುಖ ನೋಡುತ್ತ ಕಾದಳು.

"ಹದಿನೆಂಟು ಪಾಯಿಂಟ್ ಆರು" ಎಂದೆ.

ಅವಳು ವೈಟ್ನರ್ ಮುಟ್ಟಲಿಲ್ಲ. ಹಳೆಯ ಅಂಕಿಯ ಮೇಲೆ ಒಂದೇ ಒಂದು ಗೆರೆ ಎಳೆದಳು, ಕೆಳಗಿನದು ಓದಲು ಬರುವ ಹಾಗೆ. ಮೇಲೆ ನನ್ನ ಅಂಕಿ ಬರೆದು ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.

"ಇದೇನು?"

"ಸೈನ್, ಮ್ಯಾಮ್. ರೀಡಿಂಗ್ ಅಳಿಸಬಾರದು, ಗೆರೆ ಎಳೀಬೇಕು, ತಿದ್ದಿಸಿದವರು ಪಕ್ಕದಲ್ಲಿ ಸೈನ್ ಹಾಕ್ಬೇಕು ಅಂತ ನೀವೇ ಹೇಳ್ಕೊಟ್ಟಿದ್ದು."

ಹೇಳಿಕೊಟ್ಟಿದ್ದೆ, ನಿಜ. ನನ್ನ ಪಾಠದಲ್ಲಿ ಅದೊಂದನ್ನಾದರೂ ಯಾರೋ ಕಿವಿಗೆ ಹಾಕಿಕೊಂಡಿದ್ದರು. ಸಹಿ ಹಾಕಿದೆ. ನಾಲ್ಕನೇ ತಾರೀಖು, ಹದಿನೆಂಟು ಪಾಯಿಂಟ್ ಎರಡು. ಸಹಿ. ಐದು, ಸಹಿ. ಆರು, ಸಹಿ. ಪೆನ್ನು ಕೆಳಗಿಟ್ಟೆ.

"ಸಾಕು" ಎಂದೆ.

"ಇನ್ನೂ ಏಳಿದೆ ಮ್ಯಾಮ್."

"ನನಗೆ ಗೊತ್ತಿಲ್ಲ ಬೋಜಮ್ಮ. ಆ ದಿನಗಳದ್ದು ಯಾವುದೂ ನನಗೆ ಗೊತ್ತಿಲ್ಲ. ನಾನು ಒಂದು ದಿನಾನೂ ಮೇಲೆ ಬಂದಿಲ್ಲ."

ಹೇಳಿಬಿಟ್ಟೆ. ಹೇಳಿದರೆ ಎದೆ ಹಗುರಾಗಬಹುದು, ಅವಳು ಬೆರಗಾಗಬಹುದು, ಅಯ್ಯೋ ಮ್ಯಾಮ್ ಎನ್ನಬಹುದು ಎಂದೆಲ್ಲ ಅಂದುಕೊಂಡಿದ್ದೆನೇನೋ. ಅವಳು ಪೆನ್ನಿನ ತುದಿಯನ್ನು ಏಳನೇ ತಾರೀಖಿನ ಸಾಲಿನ ಮೇಲಿಟ್ಟುಕೊಂಡೇ ಇದ್ದಳು.

"ಗೊತ್ತು ಮ್ಯಾಮ್. ಎಲ್ರಿಗೂ ಗೊತ್ತು. ಮೊದಲ್ನೇ ವಾರ ಎಲ್ರೂ ಮೇಲೆ ಬರ್ತಿದ್ರು. ನೀವು ಬರಲ್ಲ ಅಂತ ಗೊತ್ತಾದ್ಮೇಲೆ ನಿಲ್ಲಿಸಿದ್ದು."

ಕಾರಿಡಾರಿನಲ್ಲಿ ಹುಡುಗಿಯರು ನಗುತ್ತ ಹಾದುಹೋದರು.

"ಖುರಾನಾ ಮೇಡಂ ಹತ್ರ ಇನ್ನೊಂದ್ಸಲ ಹೋಗಿ ಮಾತಾಡ್ತೀನಿ" ಎಂದೆ ಕೊನೆಗೆ. "ನಿನ್ನ ಅಂಕಿಗಳೇ ಸರಿ ಅಂತ ಬರೆದು ಕೊಡ್ತೀನಿ."

"ಅವ್ರು ಒಪ್ತಾರಾ?"

ನಾನು ವೈಟ್ನರ್ ಶೀಶೆಯ ಮುಚ್ಚಳ ತಿರುವಿ ಪಕ್ಕಕ್ಕಿಟ್ಟೆ.

"ಪಪ್ಪಂಗೆ ಮಾರ್ಚಲ್ಲಿ ಪೋಸ್ಟಿಂಗ್ ಇದೆ, ಕ್ವಾರ್ಟರ್ಸ್ ಬಿಡ್ಬೇಕು" ಎಂದಳು. "ಇನ್ನೊಂದು ವರ್ಷ ಇಲ್ಲಿ ಇರೋಕಾಗಲ್ಲ. ನಂಗೆ ಪಾಸಾಗ್ಬೇಕು ಮ್ಯಾಮ್. ಏಳನೇ ತಾರೀಖು ಹೇಳಿ."

ಹೇಳಿದೆ. ಬರೆದುಕೊಂಡು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು.