ಒಂದೇ ಕರೆಗೆ ಎದ್ದ ಇಬ್ಬರು

ಮಧ್ಯಾಹ್ನ ಒಂದೂವರೆಗೆ ರೂಪಾಳ ಕಂಪ್ಯೂಟರ್ ಏಳನೆಯ ಬಾರಿ ನಿಂತುಹೋಯಿತು. ಹಾರುತ್ತಿದ್ದ ಹಕ್ಕಿ ಗಾಳಿಯಲ್ಲೇ ನಿದ್ದೆಹೋದಂತೆ ಪರದೆಯ ಬಾಣ ನಡುವೆಯೇ ನಿಂತಿತು. ಫೋನ್ ಲೈನಿನಲ್ಲಿ ಇಂಟರ್ನೆಟ್ಟಿಗೆ ಕರೆ ಮಾಡುವ ಮೊಡೆಮ್ ಸಿಳ್ಳೆ ಹಾಕಲು ಬಾಯಿ ತೆರೆಯುತ್ತಿತ್ತು. ಮೊದಲ ಸ್ವರ ಮುಗಿಯುವಷ್ಟರಲ್ಲಿ ಎಲ್ಲವೂ ಸ್ತಬ್ಧ. ಆರಿಸಿ ಮತ್ತೆ ಹೊತ್ತಿಸಲು ಆರು ನಿಮಿಷ. ಏಳಾರಲ ನಲವತ್ತೆರಡು ನಿಮಿಷ ಹೀಗೆಯೇ ಹೋದಂತಾಯಿತು.

ಎರಡು ಸಾವಿರದ ಮೂರನೆಯ ಇಸವಿ. ಮೊಳಕಾಲ್ಮುರಿನಲ್ಲಿ ಮೂರೂವರೆಗೆ ಕರೆಂಟ್ ಹೋದರೆ ಮತ್ತೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಸೀರೆ ವಿನ್ಯಾಸ ಕಲಿಸುವ ಶಾಲೆಗೆ ಅರ್ಜಿಯೂ ಚಿತ್ರವೂ ಇಮೇಲಿನಲ್ಲಿ ಸೇರಬೇಕಾದದ್ದು ಐದರೊಳಗೆ, ಅದೂ ಇವತ್ತೇ. ಚಿತ್ರ ಫ್ಲಾಪಿಯಲ್ಲಿ ಹಿಡಿಸದು, ಹೊತ್ತೊಯ್ದು ಬೇರೆಡೆಯಿಂದ ಕಳಿಸುವಂತೆಯೂ ಇಲ್ಲ. ಅಜ್ಜಿ ಪಾತಮ್ಮನ ಮದುವೆ ಸೀರೆಯ ಅಂಚದು. ಸವೆದು ಜಾಳಾದ ಆ ಅಂಚಿನ ಎಳೆಗಳನ್ನು ನಲವತ್ತು ದಿನ ಎಣಿಸಿ, ರೂಪಾ ಒಂದೊಂದು ಎಳೆಗೆ ಒಂದೊಂದು ಚೌಕ ತುಂಬಿದ್ದಳು. ಈ ವರ್ಷ ತಪ್ಪಿದರೆ ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು.

ಮನೆಗೆ ಇದ್ದದ್ದು ಒಂದೇ ಫೋನ್ ಲೈನು. ಅವಳು ಕಂಪ್ಯೂಟರನ್ನು ಮತ್ತೆ ಹೊತ್ತಿಸಿ, ಮೊಡೆಮಿನಿಂದ ತಂತಿ ಕಿತ್ತು ಫೋನಿಗೆ ಸಿಕ್ಕಿಸಿ, ಚಳ್ಳಕೆರೆಯ ಗೋವರ್ಧನನಿಗೆ ಕರೆ ಮಾಡಿದಳು. ಹಳೆಯ ಭಾಗಗಳನ್ನು ಜೋಡಿಸಿ ಈ ಕಂಪ್ಯೂಟರ್ ಮಾಡಿಕೊಟ್ಟು, ಹೋದ ವಾರ ಮೊಡೆಮ್ ಕಾರ್ಡನ್ನೂ ಹಾಕಿ ಹೋಗಿದ್ದವನು ಅವನೇ.

“ಮತ್ತೆ ನಿಂತೋಯ್ತಾ? ಮೊಡೆಮಿಗೆ ಯಾವ ಪೋರ್ಟ್ ತೋರಿಸ್ತೈತೆ ನೋಡಮ್ಮ.”

“ಮೂರು.”

“ಮೌಸಿಗೆ?”

“ಒಂದು.”

“ಎರಡೂ ಕೂರೋ ಜಾಗ ಬೇರೆ ಬೇರೆ ಐತಲ್ಲ! ಜಗಳಕ್ಕೆ ಕಾರಣನೇ ಇಲ್ಲ. ಕಾರ್ಡೇ ಕೆಟ್ಟಿರ್ಬೇಕು. ನಾಳೆ ಬರ್ತೀನಿ.”

“ನಾಳೆ ಬಂದು ಏನ್ ಮಾಡ್ತೀಯಣ್ಣ, ಊಟ ಮಾಡಿ ಹೋಗ್ತೀಯಾ?”

ಅವನು ನಕ್ಕ. ಅವಳು ನಗಲಿಲ್ಲ, ಫೋನ್ ಇಟ್ಟು ಗೋಡೆಗೆ ಒರಗಿದಳು.

ಬಿಸಿಲು ಹೆಂಚಿನ ಸಂದಿಯಿಂದ ಎಳೆಎಳೆಯಾಗಿ ಇಳಿಯುತ್ತಿತ್ತು. ಪಕ್ಕದ ಕೋಣೆಯಲ್ಲಿ, ನೆಲದ ಗುಂಡಿಗೆ ಕಾಲಿಳಿಬಿಟ್ಟು ನೇಯುವ ಗುಂಡಿಮಗ್ಗ ಲಟಕ್ ಲಟಕ್ ಎನ್ನುತ್ತಿತ್ತು. ಕಣ್ಣು ಮುಚ್ಚಿದಾಗ ಅವಳಿಗೆ ಫೋನಿನ ತಂತಿಯೇ ಮಗ್ಗದ ಹಾಸುನೂಲಾಗಿ ಕಂಡಿತು. ಕಂಬದಿಂದ ಕಂಬಕ್ಕೆ, ಬಂಡೆಗುಡ್ಡಗಳ ನೆತ್ತಿಯ ಮೇಲೆ, ಕುರಿಮಂದೆಗಳ ಮೇಲೆ ಅದು ಚಳ್ಳಕೆರೆಯತ್ತ ಹಾಸಿಕೊಂಡಿತ್ತು. ಅದರ ಮೇಲೆ ಅಜ್ಜಿಯ ಅಂಚು ಚೌಕ ಚೌಕವಾಗಿ ನಡೆದುಹೋಗುತ್ತಿತ್ತು, ಕೆಂಪು ಚೌಕ ಮುಂದೆ, ಹಸಿರು ಚೌಕ ಹಿಂದೆ. ಅರ್ಧ ದಾರಿಯಲ್ಲಿ ಯಾರೋ ಕೂಗಿದರು. ಚೌಕಗಳೆಲ್ಲ ನಿಂತವು.

“ಕ್ಯಾತಾ!”

ಕೂಗಿದ್ದು ಹಿತ್ತಲಿನಿಂದ ಪಾತಮ್ಮ. ಮಗ್ಗವೂ ನಿಂತಿತ್ತು. ರೂಪಾ ಕಣ್ತೆರೆದು ನೋಡಿದಳು. ಗುಂಡಿಯಿಂದ ಅಪ್ಪ ಎದ್ದಿದ್ದ. ಅಂಚಿನ ಲಾಳಿ ಹಿಡಿದು ಪಕ್ಕದಲ್ಲಿ ಕೂತಿದ್ದ ಸೋದರಮಾವನೂ ಎದ್ದಿದ್ದ. ಇಬ್ಬರೂ ಕ್ಯಾತಪ್ಪರೇ. ಮನೆಯ ಹಿರಿಮಗನಿಗೆ ಕ್ಯಾತದೇವರ ಹೆಸರಿಡುವುದು ಎರಡೂ ಮನೆತನಗಳ ಪದ್ಧತಿ. ಎರಡು ಮನೆಯ ಹಿರಿಮಕ್ಕಳು ಒಂದೇ ಮಗ್ಗಕ್ಕೆ ಬಂದು ಕೂತಿದ್ದರು.

“ನೀನು ಹೋಗ್ಲೇ.”

“ನಿನ್ನನ್ನೇ ಕರೆದಿದ್ದು ಕಣೋ ಭಾವ.”

ಇಬ್ಬರೂ ಬಾಗಿಲಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತರು. ಯಾರೂ ಹೊರಗೆ ಹೋಗಲಿಲ್ಲ. ಯಾರೂ ಮಗ್ಗಕ್ಕೆ ಹಿಂದಿರುಗಲಿಲ್ಲ. ದಿನಕ್ಕೆ ನಾಲ್ಕು ಸಲ ಕಾಣುವ ನೋಟವದು. ರೂಪಾ ಅದನ್ನು ಅಂದು ಮೊದಲ ಬಾರಿ ನೋಡಿದಂತೆ ನೋಡಿದಳು.

ಇಬ್ಬರ ಊರು ಬೇರೆ, ಮನೆ ಬೇರೆ, ಕೂರುವ ಜಾಗವೂ ಬೇರೆ. ಕೂಗುವ ಹೆಸರು ಮಾತ್ರ ಒಂದು.

ಅವಳು ಮತ್ತೆ ಕಂಪ್ಯೂಟರಿನ ಮುಂದೆ ಕೂತಳು. ಈ ಬಾರಿ ಮೊಡೆಮಿಗೆ ಕರೆ ಮಾಡಲು ಹೇಳಲಿಲ್ಲ. ಮೌಸಿನ ವಿವರದ ಪುಟದಲ್ಲಿ ಪೋರ್ಟಿನ ಕೆಳಗಿದ್ದ ಇನ್ನೊಂದು ಅಂಕಿಯನ್ನು ಓದಿದಳು: ನಾಲ್ಕು. ಮೊಡೆಮಿನ ಪುಟದಲ್ಲಿಯೂ ಅದೇ ಜಾಗದಲ್ಲಿ ನಾಲ್ಕು. ಮತ್ತೆ ಚಳ್ಳಕೆರೆಗೆ ಫೋನ್ ಮಾಡಿದಳು.

“ಗೋವರ್ಧನಣ್ಣ, ಪೋರ್ಟಿನ ಕೆಳಗೆ ಇನ್ನೊಂದು ನಂಬರ್ ಐತೆ. ಎರಡಕ್ಕೂ ನಾಲ್ಕೇ. ಅದೇನದು?”

“ಕೆಲಸ ಬಂದಾಗ ಅವು ಕಂಪ್ಯೂಟರನ್ನ ಕೂಗೋ ನಂಬರಮ್ಮ ಅದು. ಎರಡೂ ಒಂದೇ ನಂಬರಲ್ಲಿ ಕೂಗಿದ್ರೆ ಯಾರ ಮಾತು ಕೇಳ್ಬೇಕು ಅಂತ ಗೊತ್ತಾಗ್ದೆ ನಿಂತುಬಿಡ್ತೈತೆ. ಥೂ, ನಾನು ಪೋರ್ಟ್ ನೋಡಿ ಸುಮ್ನಾಗ್ಬಿಟ್ನಲ್ಲ! ನಿಂಗೆ ಹೆಂಗೆ ಹೊಳೀತು?”

“ನಮ್ಮನೇಲಿ ಎರಡವೆ ಅಂಥವು.”

ಅವನು ಹೇಳಿದಂತೆ ವೈರು ಕಿತ್ತು ಪೆಟ್ಟಿಗೆ ಬಿಚ್ಚಿದಳು. ಕಾರ್ಡಿನ ಮೇಲೆ ಸಾಲಾಗಿ ನಿಂತ ಸೂಜಿಗಳಲ್ಲಿ ‘4’ ಎಂದು ಗುರುತಿದ್ದ ಜೋಡಿಗೆ ಜೋಳದ ಕಾಳಿನಷ್ಟು ಕರಿಯ ಟೋಪಿಯೊಂದು ಕೂತಿತ್ತು. ಬೆರಳಿಗೆ ಅದು ಸಿಗಲಿಲ್ಲ. ಅಪ್ಪ ಸೀರೆಯ ಎಳೆ ಹೆಕ್ಕುವ ಚಿಮಟ ತಂದುಕೊಟ್ಟ. ಟೋಪಿಯನ್ನು ಎತ್ತಿ ಐದರ ಮೇಲಿಟ್ಟಳು. ಆಗ ಮೂರು ಗಂಟೆ ಹತ್ತು ನಿಮಿಷ.

ತಂತಿಯನ್ನು ಮೊಡೆಮಿಗೆ ಸಿಕ್ಕಿಸಿ ಕಂಪ್ಯೂಟರ್ ಹೊತ್ತಿಸಿದಳು. ಮೊಡೆಮ್ ಸಿಳ್ಳೆ ಹಾಕಿತು. ನಿಲ್ಲಲಿಲ್ಲ. ಕೀರಲಿತು, ಗೊರಗೊರ ಎಂದಿತು, ಎತ್ತರದ ಸ್ವರದಲ್ಲಿ ಯಾರನ್ನೋ ಕೇಳಿತು; ದೂರದಿಂದ ಯಾರೋ ಅದೇ ಸ್ವರದಲ್ಲಿ ಓಗೊಟ್ಟರು. ಮಾವ ಬಾಗಿಲಿಗೆ ಬಂದು, “ಏನು ಅರಚಾಡ್ತೈತೆ ಅದು?” ಎಂದ. ಬಾಣ ಪರದೆಯ ಮೇಲೆ ಹಾಯಾಗಿ ಓಡಾಡುತ್ತಿತ್ತು. ಚಿತ್ರ ನೂರಕ್ಕೆ ಹತ್ತು ಪಾಲು ಹೋಯಿತು, ನಲವತ್ತು ಹೋಯಿತು, ತೊಂಬತ್ತಕ್ಕೆ ಬಂದು ಉಸಿರು ಹಿಡಿದು, ಮುಂದೆ ಸರಿಯಿತು. ಮೂರು ಇಪ್ಪತ್ತೆಂಟಕ್ಕೆ ಶಾಲೆಯಿಂದ ಒಂದು ಸಾಲಿನ ಉತ್ತರ ಬಂತು: ಅರ್ಜಿ, ಚಿತ್ರ ಎರಡೂ ತಲುಪಿವೆ. ಅವಳು ಅದನ್ನು ಎರಡನೆಯ ಸಲ ಓದುತ್ತಿರುವಾಗಲೇ ಕರೆಂಟ್ ಹೋಯಿತು. ಪಕ್ಕದ ಕೋಣೆಯಲ್ಲಿ ಮಗ್ಗ ಮತ್ತೆ ಲಟಕ್ ಲಟಕ್ ಎನ್ನತೊಡಗಿತ್ತು.

ಪಾತಮ್ಮ ಒಳಗೆ ಬಂದು, ಮಡಿಲಲ್ಲಿ ಹಳೆಯ ಸೀರೆ ಹರಡಿಕೊಂಡು ಕೂತಳು. “ಹೋಯ್ತೇನೆ ನನ್ನ ಅಂಚು?”

“ಹೋಯ್ತಜ್ಜಿ.”

ಮುದುಕಿ ಸವೆದ ಅಂಚಿನ ಉದ್ದಕ್ಕೂ ಬೆರಳಾಡಿಸಿದಳು. “ಇಲ್ಲೇ ಐತಲ್ಲೇ!”

“ಇಲ್ಲೂ ಐತೆ, ಅಲ್ಲಿಗೂ ಹೋಯ್ತು. ಅಜ್ಜಿ, ಇನ್ಮೇಲೆ ಅಪ್ಪಂಗೆ ನಾಲ್ಕು, ಮಾವಂಗೆ ಐದು ಅಂತ ಕೂಗು.”

“ದೇವರ ಹೆಸರಿಗೆ ನಂಬರ್ ಹಾಕ್ತಾರೇನೆ, ಬಿಡಾಡಿ!” ಎಂದ ಪಾತಮ್ಮ, ಕುಡಿಯಲು ನೀರು ಬೇಕೆನಿಸಿ, “ಕ್ಯಾತಾ!” ಎಂದು ಕೂಗಿದಳು.

ಮಗ್ಗ ನಿಂತಿತು.